ಸೋತ ಮೇಲೆ ಲೂಲಾ ಏನು ಮಾಡಿದರು?

ಗೆಳೆಯರೇ, ಅಧ್ಯಕ್ಷ ಹುದ್ದೆಗೆ ನಿಂತು ಸೋತವರು ಮತ್ತೆ ನಿಲ್ಲಬೇಕು ಅಂದುಕೊಂಡರೆ ನಡುವಿನ ವರ್ಷಗಳಲ್ಲಿ ಏನು ಮಾಡಬೇಕು? ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ ಇದೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಅಷ್ಟು ಕಠಿಣವಾಗಿ ಏಳುವುದಿಲ್ಲ. ಪ್ರಧಾನಿಯಾಗಲು ಹೊರಟವರ ಪಕ್ಷ ಸೋತರೂ ಸಾಮಾನ್ಯವಾಗಿ ಅವರಿಗೆ ಲೋಕಸಭೆಯಲ್ಲಿ ಒಂದು ಜಾಗ ಇರುತ್ತದೆ. ಎದ್ದು ನಿಂತು ಮಾತಾಡಬಹುದು, ಸರ್ಕಾರವನ್ನು ಕೇಳಬಹುದು. ಪತ್ರಿಕೆಗಳಲ್ಲಿ ಹೆಸರು ಬರುತ್ತಲೇ ಇರುತ್ತದೆ. ಅಧ್ಯಕ್ಷೀಯ ಪದ್ಧತಿಯಲ್ಲಿ ಹಾಗಲ್ಲ. ನಿನ್ನೆಯವರೆಗೆ ಇಡೀ ದೇಶದ ಅರ್ಧ ಜನ ನಿಮ್ಮ ಹಿಂದೆ ಇದ್ದರು. ಇವತ್ತು ಬೆಳಗ್ಗೆ ಎದ್ದರೆ ನಿಮಗೆ ಹೋಗಲು ಒಂದು ಕಚೇರಿಯೂ ಇಲ್ಲ. ಮುಂದಿನ ಅವಕಾಶ ನಾಲ್ಕೋ ಐದೋ ವರ್ಷ ದೂರ. ಅಷ್ಟರಲ್ಲಿ ನಿಮ್ಮ ಪಕ್ಷದವರೇ ಹೊಸ ಮುಖ ಹುಡುಕಲು ಶುರು ಮಾಡಿರುತ್ತಾರೆ.

ಹೀಗೆ ಸೋತು ಮತ್ತೆ ನಿಂತವರು ಚರಿತ್ರೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಮೆರಿಕದ ವಿಲಿಯಂ ಜೆನಿಂಗ್ಸ್ ಬ್ರಯನ್ 1896, 1900 ಮತ್ತು 1908ರಲ್ಲಿ ನಿಂತರು, ಮೂರೂ ಸಲ ಸೋತರು. ಆಡ್ಲೈ ಸ್ಟೀವನ್ಸನ್ 1952 ಮತ್ತು 1956ರಲ್ಲಿ ಐಸೆನ್‌ಹೋವರ್ ಒಬ್ಬರಿಗೇ ಎರಡು ಸಲ ಸೋತರು. ರಿಚರ್ಡ್ ನಿಕ್ಸನ್ 1960ರಲ್ಲಿ ಸೋತು 1968ರಲ್ಲಿ ಗೆದ್ದರು. ಫ್ರಾನ್ಸಿನ ಮಿತ್ತೆರಾಂ 1965ರಲ್ಲೂ 1974ರಲ್ಲೂ ಸೋತು 1981ರಲ್ಲಿ ಗೆದ್ದರು. ಇವರೆಲ್ಲರ ಕಥೆಯೂ ಓದಲು ಚೆನ್ನಾಗಿದೆ. ಆದರೆ ನಾನು ಬ್ರೆಜಿಲ್‌ನ ಲೂಯಿಸ್ ಇನಾಸಿಯೊ ಲೂಲಾ ದ ಸಿಲ್ವಾ ಅವರನ್ನು ಆರಿಸಿಕೊಂಡಿದ್ದೇನೆ. ಅವರು 1989, 1994, 1998 ಮೂರು ಚುನಾವಣೆ ಸೋತು 2002ರಲ್ಲಿ ಗೆದ್ದರು. ಮೂರು ಸಲವೂ ಸೋತ ಕಾರಣ ಬೇರೆ. ಸೋತ ಮೇಲೆ ಅವರು ಮಾಡಿದ್ದೂ ಬೇರೆ. ಕಲಿಯುವವರಿಗೆ ಇಷ್ಟು ಸಾಮಗ್ರಿ ಒಬ್ಬರ ಬದುಕಿನಲ್ಲೇ ಸಿಗುವುದು ಅಪರೂಪ.

ಮೊದಲು ಅವರು ಯಾರು ಅಂತ ಚುಟುಕಾಗಿ ಹೇಳುತ್ತೇನೆ. ಬ್ರೆಜಿಲ್‌ನ ಈಶಾನ್ಯ ಭಾಗ ಬರಪೀಡಿತ, ಬಡ ಪ್ರದೇಶ. ಅಲ್ಲಿನ ಪೆರ್ನಾಂಬುಕೊ ರಾಜ್ಯದ ಗರಾನ್ಯುನ್ಸ್ ಕಡೆಯ ಹಳ್ಳಿಯಲ್ಲಿ 1945ರಲ್ಲಿ ಲೂಲಾ ಹುಟ್ಟಿದರು. 1952ರಲ್ಲಿ ತಾಯಿ ಮಕ್ಕಳನ್ನೆಲ್ಲ ಕಟ್ಟಿಕೊಂಡು ಲಾರಿ ಹತ್ತಿದರು. ಹಿಂಭಾಗದಲ್ಲಿ ಅಡ್ಡಡ್ಡ ಹಲಗೆ ಹಾಕಿದ ಲಾರಿ ಅದು. 13 ದಿನ ಪ್ರಯಾಣ ಮಾಡಿ ಸಾವೊ ಪಾಲೊ ರಾಜ್ಯಕ್ಕೆ ಬಂದರು. ಹುಡುಗ ಬೂಟ್ ಪಾಲಿಶ್ ಮಾಡಿದ. ಆಮೇಲೆ ನಮ್ಮ ಐಟಿಐ ತರಹದ ಒಂದು ಸಂಸ್ಥೆಯಲ್ಲಿ ಲೇತ್ ಕೆಲಸ ಕಲಿತು ಟರ್ನರ್ ಆದ. ಕಾರ್ಖಾನೆಯಲ್ಲಿ ಎಡಗೈಯ ಕಿರುಬೆರಳು ಹೋಯಿತು. 1975ರಲ್ಲಿ ಸಾವೊ ಬರ್ನಾರ್ಡೊದ ಲೋಹ ಕಾರ್ಮಿಕರ ಸಂಘಕ್ಕೆ ಅಧ್ಯಕ್ಷರಾದರು. ಮಿಲಿಟರಿ ಆಡಳಿತದ ಕಾಲದಲ್ಲೇ ದೊಡ್ಡ ದೊಡ್ಡ ಮುಷ್ಕರ ನಡೆಸಿದರು, 1980ರಲ್ಲಿ ಒಂದು ತಿಂಗಳು ಜೈಲಲ್ಲೂ ಇದ್ದರು. ಅದೇ ವರ್ಷ ವರ್ಕರ್ಸ್ ಪಾರ್ಟಿ ಹುಟ್ಟಿತು. ಅಲ್ಲಿನವರು ಅದನ್ನು ಪೋರ್ಚುಗೀಸ್ ಅಕ್ಷರಗಳಲ್ಲಿ ಪಿಟಿ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಅವರ ಮೊದಲ ಸೋಲು ಅಧ್ಯಕ್ಷ ಚುನಾವಣೆಯದ್ದಲ್ಲ. 1982ರಲ್ಲಿ ಸಾವೊ ಪಾಲೊ ರಾಜ್ಯದ ಗವರ್ನರ್ ಹುದ್ದೆಗೆ ನಿಂತು ನಾಲ್ಕನೆಯವರಾದರು. ಮನಸ್ಸು ಒಡೆದುಹೋಗಿತ್ತು. ರಾಜಕೀಯ ನಮಗಲ್ಲ, ಸಂಘದ ಕೆಲಸವೇ ಸಾಕು ಅನ್ನಿಸಿಬಿಟ್ಟಿತ್ತು. ಆಮೇಲೆ ಕ್ಯೂಬಾಗೆ ಹೋದಾಗ ಫಿಡೆಲ್ ಕ್ಯಾಸ್ಟ್ರೊ ಕೇಳಿದರಂತೆ: ಒಬ್ಬ ಕಾರ್ಮಿಕನಿಗೆ 10 ಲಕ್ಷಕ್ಕೂ ಜಾಸ್ತಿ ಮತ ಬಿದ್ದದ್ದನ್ನು ಜಗತ್ತಿನಲ್ಲಿ ಬೇರೆಲ್ಲಾದರೂ ನೋಡಿದ್ದೀಯಾ? ಈ ಪ್ರಸಂಗವನ್ನು ಲೂಲಾ ಹಲವು ಸಲ ಹೇಳಿಕೊಂಡಿದ್ದಾರೆ. ಸೋತವರು ಮೊದಲು ಮಾಡಬೇಕಾದ ಕೆಲಸ ಇದರಲ್ಲೇ ಇದೆ. ಎಷ್ಟನೇ ಸ್ಥಾನ ಬಂತು ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಟ್ಟು, ಎಷ್ಟು ಜನ ನಂಬಿದರು, ಅವರು ಯಾರು ಅಂತ ನೋಡಬೇಕು. 1986ರಲ್ಲಿ ಲೂಲಾ ಸಂಸತ್ತಿನ ಕೆಳಮನೆಗೆ ಗೆದ್ದರು. ಆ ವರ್ಷ ಇಡೀ ದೇಶದಲ್ಲಿ ಅಷ್ಟು ಮತ ಪಡೆದ ಅಭ್ಯರ್ಥಿ ಮತ್ತೊಬ್ಬರಿರಲಿಲ್ಲ.

ಈಗ 1989ಕ್ಕೆ ಬರೋಣ. 1960ರ ನಂತರ ಬ್ರೆಜಿಲ್ ಜನ ತಮ್ಮ ಅಧ್ಯಕ್ಷರನ್ನು ನೇರವಾಗಿ ಆರಿಸಿದ ಮೊದಲ ಚುನಾವಣೆ ಅದು. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಮತ ಬರದಿದ್ದರೆ ಮೊದಲ ಇಬ್ಬರ ನಡುವೆ ಅಲ್ಲಿ ಇನ್ನೊಂದು ಸುತ್ತು ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಫರ್ನಾಂಡೊ ಕೊಲೊರ್ ಮುಂದಿದ್ದರು. ಎರಡನೇ ಸ್ಥಾನಕ್ಕೆ ಲೂಲಾಗೂ ಹಿರಿಯ ನಾಯಕ ಬ್ರಿಜೋಲಾಗೂ ಭಾರಿ ಪೈಪೋಟಿ. ಲೂಲಾ ಸುಮಾರು ನಾಲ್ಕೂವರೆ ಲಕ್ಷ ಮತಗಳಿಂದ ಆ ಸ್ಥಾನ ಹಿಡಿದರು. ಡಿಸೆಂಬರ್ 17ರ ಅಂತಿಮ ಸುತ್ತಿನಲ್ಲಿ ಕೊಲೊರ್‌ಗೆ ಶೇ 53, ಲೂಲಾಗೆ ಶೇ 47.

ನೆಪ ಹೇಳಲು ಅವರ ಹತ್ತಿರ ಬೇಕಾದಷ್ಟಿತ್ತು. ನಿಜವಾದ ನೆಪಗಳೇ. ದೇಶದ ಅತಿ ದೊಡ್ಡ ಟಿವಿ ಜಾಲವಾದ ಗ್ಲೋಬೊ, ಕೊನೆಯ ಚರ್ಚೆಯನ್ನು ಕೊಲೊರ್‌ಗೆ ಅನುಕೂಲ ಆಗುವ ಹಾಗೆ ಕತ್ತರಿಸಿ ಸುದ್ದಿಯಲ್ಲಿ ತೋರಿಸಿತು. ಲೂಲಾ ಗೆದ್ದರೆ 8 ಲಕ್ಷ ಉದ್ಯಮಿಗಳು ದೇಶ ಬಿಡುತ್ತಾರೆ ಅಂತ ಕೈಗಾರಿಕೋದ್ಯಮಿಗಳ ಸಂಘದ ಅಧ್ಯಕ್ಷರು ಹೇಳಿದ್ದರು. ಲೂಲಾ ಬಂದರೆ ನಿಮ್ಮ ಉಳಿತಾಯದ ಹಣ ಹೋಯಿತು ಅಂತ ಜನರನ್ನು ಹೆದರಿಸಲಾಗಿತ್ತು. ಗೆದ್ದ ಕೊಲೊರ್ ಅಧಿಕಾರ ಹಿಡಿದ ಕೂಡಲೇ, 1990ರ ಮಾರ್ಚ್‌ನಲ್ಲಿ, ತಾವೇ ಜನರ ಬ್ಯಾಂಕ್ ಖಾತೆಗಳನ್ನು ತಡೆಹಿಡಿದರು. 1992ರಲ್ಲಿ ಭ್ರಷ್ಟಾಚಾರದ ಆರೋಪದ ಮೇಲೆ ಮಹಾಭಿಯೋಗ ಎದುರಿಸಿ ಹುದ್ದೆಯಿಂದ ಇಳಿದರು. ಲೂಲಾ ಜಾಗದಲ್ಲಿ ಬೇರೆ ಯಾರೇ ಇದ್ದಿದ್ದರೂ 'ನಾನು ಅವತ್ತೇ ಹೇಳಿರಲಿಲ್ವಾ' ಅಂತ ದೇಶ ತುಂಬ ಹೇಳಿಕೊಂಡು ತಿರುಗುತ್ತಿದ್ದರು.

ಆದರೆ ಮತಗಳ ಲೆಕ್ಕ ಬೇರೆ ಏನನ್ನೋ ಹೇಳುತ್ತಿತ್ತು. ದೊಡ್ಡ ನಗರಗಳಲ್ಲಿ, ಓದಿದವರಲ್ಲಿ, ಸಂಘಟಿತ ಕಾರ್ಮಿಕರಲ್ಲಿ ಲೂಲಾಗೆ ಚೆನ್ನಾಗಿ ಮತ ಬಿದ್ದಿತ್ತು. ತೀರಾ ಬಡವರು, ಓದು ಬಾರದವರು, ಸಣ್ಣ ಊರುಗಳವರು ಕೊಲೊರ್ ಕಡೆ ಹೋಗಿದ್ದರು. ಬಡವರಿಗಾಗಿ ಕಟ್ಟಿದ ಪಕ್ಷ, ಬಡತನದಲ್ಲೇ ಹುಟ್ಟಿದ ಅಭ್ಯರ್ಥಿ. ಅವರನ್ನು ಸೋಲಿಸಿದ್ದು ಬಡವರೇ. ಇದನ್ನು ಲೂಲಾ ಮುಚ್ಚಿಡಲಿಲ್ಲ, ಬಾಯಿಬಿಟ್ಟು ಹೇಳಿದರು. ಈ ಒಂದು ಸತ್ಯವನ್ನು ಒಪ್ಪಿಕೊಂಡದ್ದೇ ಮುಂದಿನ ಎಲ್ಲದಕ್ಕೂ ಮೂಲ ಅನ್ನುವುದು ನನ್ನ ನಂಬಿಕೆ.

ಆ ಬಡವರು ಲೂಲಾಗೆ ಯಾಕೆ ಹೆದರಿದ್ದರು? ಮುಷ್ಕರ ಅಂದರೆ ಕಾರ್ಖಾನೆ ನೌಕರನಿಗೆ ಹೋರಾಟ. ದಿನಗೂಲಿಗೆ ಹೋಗುವವನಿಗೆ, ಸಂತೆಯಲ್ಲಿ ನಾಲ್ಕು ಕಾಯಿ ಮಾರುವವಳಿಗೆ ಅದು ಗಲಾಟೆ. ಗಲಾಟೆ ಆದರೆ ಅವತ್ತಿನ ಊಟ ಹೋಯಿತು. ಏನೂ ಇಲ್ಲದವರಿಗೆ ಕಳೆದುಕೊಳ್ಳಲು ಏನೂ ಇಲ್ಲ ಅಂತ ಭಾಷಣದಲ್ಲಿ ಹೇಳುವುದು ಸುಲಭ. ನಿಜದಲ್ಲಿ ಸ್ವಲ್ಪವೇ ಇರುವವರು ಆ ಸ್ವಲ್ಪದ ಬಗ್ಗೆ ಎಲ್ಲರಿಗಿಂತ ಜಾಸ್ತಿ ಹೆದರುತ್ತಾರೆ.

ಸೋತ ಮೇಲೆ ಲೂಲಾ ಒಂದು ವಿಚಿತ್ರ ತೀರ್ಮಾನ ಮಾಡಿದರು. 1990ರಲ್ಲಿ ಸಂಸತ್ತಿಗೆ ಮತ್ತೆ ನಿಲ್ಲಲಿಲ್ಲ. ನಿಂತಿದ್ದರೆ ಸುಲಭವಾಗಿ ಗೆಲ್ಲುತ್ತಿದ್ದರು. ಅದರ ಬದಲು ಹೊರಗಿನಿಂದಲೇ ಒಂದು ನೆರಳು ಸರ್ಕಾರ ಕಟ್ಟಿದರು. ಸರ್ಕಾರದ ಒಂದೊಂದು ಖಾತೆಗೂ ಇವರ ಕಡೆಯಿಂದ ಒಬ್ಬ ತಿಳಿದವರು. ಪರ್ಯಾಯ ಯೋಜನೆ ಬರೆಯುವುದು ಅವರ ಕೆಲಸ. ಮುಂದೆ ಇದೇ ಕೆಲಸಕ್ಕೆ ಸಾವೊ ಪಾಲೊದಲ್ಲಿ ಸಿಟಿಜನ್‌ಶಿಪ್ ಇನ್‌ಸ್ಟಿಟ್ಯೂಟ್ ಅನ್ನುವ ಸಂಸ್ಥೆ ಬೆಳೆಯಿತು. ಈ ಗುಂಪು 1991ರಲ್ಲಿ ಹಸಿವಿನ ವಿರುದ್ಧ ಒಂದು ರಾಷ್ಟ್ರೀಯ ಆಹಾರ ಭದ್ರತಾ ಯೋಜನೆ ತಯಾರಿಸಿತು. ಕೊಲೊರ್ ಇಳಿದ ಮೇಲೆ ಅಧ್ಯಕ್ಷರಾದ ಇತಮಾರ್ ಫ್ರಾಂಕೊ ಅವರ ಕೈಗೆ ಲೂಲಾ 1993ರಲ್ಲಿ ಅದನ್ನು ಕೊಟ್ಟರು. ಗಮನಿಸಿ, ತಮ್ಮ ಪಕ್ಷದವರಲ್ಲದ ಅಧ್ಯಕ್ಷರಿಗೆ. ನಾವು ಗೆದ್ದಾಗ ನಾವೇ ಮಾಡುತ್ತೇವೆ ಅಂತ ಬಚ್ಚಿಡಲಿಲ್ಲ. ಆ ಯೋಜನೆಯ ಆಧಾರದ ಮೇಲೆ ಆ ವರ್ಷವೇ ಒಂದು ಆಹಾರ ಭದ್ರತಾ ಮಂಡಳಿ ಬಂತು. ಸೋತ ಅಭ್ಯರ್ಥಿಗೆ ಕೆಲಸ ಮಾಡಲು ಗೆಲ್ಲುವವರೆಗೆ ಕಾಯಬೇಕಾಗಿಲ್ಲ ಅಂತ ಇದು ತೋರಿಸುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ. 1993ರ ಏಪ್ರಿಲ್‌ನಲ್ಲಿ ಲೂಲಾ ಒಂದು ಬಸ್ಸು ಹತ್ತಿದರು. ಹೊರಟದ್ದು ತಾವು ಹುಟ್ಟಿದ ಗರಾನ್ಯುನ್ಸ್‌ನಿಂದ. ತಲುಪಬೇಕಾಗಿದ್ದು ಸಾವೊ ಪಾಲೊ ಕರಾವಳಿ. 1952ರಲ್ಲಿ ತಾಯಿಯ ಜೊತೆ ಲಾರಿಯಲ್ಲಿ ಬಂದ ದಾರಿಯನ್ನೇ ಮತ್ತೆ ಹಿಡಿದರು. ಇದಕ್ಕೆ ಅವರು ಇಟ್ಟ ಹೆಸರು ನಾಗರಿಕತ್ವದ ಯಾತ್ರೆ. ಈಶಾನ್ಯದಲ್ಲಿ ಆಗ ಘೋರ ಬರ. ಚುನಾವಣೆಗೆ ಇನ್ನೂ ಒಂದೂವರೆ ವರ್ಷ ಇತ್ತು. ದೊಡ್ಡ ನಗರಗಳನ್ನು ಬಿಟ್ಟು ಸಣ್ಣ ಸಣ್ಣ ಊರುಗಳಲ್ಲಿ ಬಸ್ಸು ನಿಲ್ಲುತ್ತಿತ್ತು. ಕೃಷಿ ತಜ್ಞರು, ಅರ್ಥಶಾಸ್ತ್ರಜ್ಞರು ಜೊತೆಗಿದ್ದರು. ಲೂಲಾ ಮಾತಾಡುತ್ತಿದ್ದರು, ಆದರೆ ಕೇಳಿಸಿಕೊಳ್ಳುವುದೂ ಕಾರ್ಯಕ್ರಮದ ಒಂದು ಭಾಗವಾಗಿತ್ತು. ನೀರು ಎಷ್ಟು ದೂರದಿಂದ ತರುತ್ತೀರಿ, ಕೂಲಿ ಎಷ್ಟು, ಮಗು ಶಾಲೆ ಬಿಟ್ಟದ್ದು ಯಾಕೆ, ಇಂಥ ವಿಷಯಗಳು. ಒಂದು ಯಾತ್ರೆಗೆ ಇದು ಮುಗಿಯಲಿಲ್ಲ. ಮುಂದಿನ ವರ್ಷಗಳಲ್ಲಿ ದೇಶದ ಬೇರೆ ಬೇರೆ ಭಾಗಗಳಿಗೆ ಹೋದರು. ನದಿಗಳ ಸೀಮೆಯಲ್ಲಿ ದೋಣಿಯಲ್ಲೂ ಹೋದರು.

ಸಾವೊ ಬರ್ನಾರ್ಡೊದ ಕಾರ್ಖಾನೆ ಗೇಟಿನ ಮುಂದೆ ಲೂಲಾಗೆ ಭಾಷೆ ಸಿಕ್ಕಿತ್ತು. ಅಲ್ಲಿ 'ಸಂಗಾತಿಗಳೇ' ಅಂದರೆ ಸಾವಿರಾರು ಕೈ ಮೇಲೇಳುತ್ತಿದ್ದವು. ಆದರೆ ಹೊಲಗದ್ದೆ ಒಣಗಿದ ಊರಿನಲ್ಲಿ ಆ ಭಾಷೆಗೆ ಜೀವ ಇರಲಿಲ್ಲ. ಅಲ್ಲಿ ಸಂಘ ಇಲ್ಲ, ಸಂಬಳ ಇಲ್ಲ, ಮಾಲೀಕನ ಜೊತೆ ಚೌಕಾಸಿ ಅನ್ನುವುದೇ ಇಲ್ಲ. ಊರ ಯಜಮಾನ ಹೇಳಿದವರಿಗೆ ಮತ. ಅಂಥ ಜನರ ನಡುವೆ ಕೂತಾಗ ಲೂಲಾ ಮಾತಿನ ಶೈಲಿಯೇ ಬದಲಾಗುತ್ತಾ ಹೋಯಿತು. ಬಂಡವಾಳ, ವರ್ಗ, ಕ್ರಾಂತಿ ಅನ್ನುವ ಮಾತು ಕಡಿಮೆಯಾಯಿತು. ದಿನಕ್ಕೆ ಮೂರು ಹೊತ್ತು ಊಟ ಅನ್ನುವ ಮಾತು ಮುಂದೆ ಬಂತು. ಜಾಹೀರಾತಿನವರು ಇದನ್ನು ಹೇಳಿಕೊಡುವ ಎಷ್ಟೋ ವರ್ಷ ಮೊದಲೇ ಅವರು ಅದನ್ನು ದಾರಿಯಲ್ಲಿ ಕಲಿತಿದ್ದರು.

ಇಷ್ಟೆಲ್ಲ ಮಾಡಿದ ಮೇಲೆ 1994ರಲ್ಲಿ ಗೆಲ್ಲಬೇಕಿತ್ತು, ಅಲ್ವಾ? ಆ ವರ್ಷದ ಮೇ ತಿಂಗಳ ಸಮೀಕ್ಷೆಗಳಲ್ಲಿ ಲೂಲಾ ತುಂಬ ಮುಂದಿದ್ದರು. ಅಕ್ಟೋಬರ್‌ನಲ್ಲಿ ಹೀನಾಯವಾಗಿ ಸೋತರು. ಈ ಸೋಲು ನನಗೆ 1989ರದ್ದಕ್ಕಿಂತ ದೊಡ್ಡ ಪಾಠವಾಗಿ ಕಾಣುತ್ತದೆ.

ಬ್ರೆಜಿಲ್‌ನಲ್ಲಿ ಆಗ ಬೆಲೆಗಳು ತಿಂಗಳಿಗೆ ಶೇ 40ಕ್ಕೂ ಜಾಸ್ತಿ ಏರುತ್ತಿದ್ದವು. ವರ್ಷಕ್ಕಲ್ಲ, ತಿಂಗಳಿಗೆ. ಬ್ಯಾಂಕ್ ಖಾತೆ ಇದ್ದವರು ಹಣವನ್ನು ಬಡ್ಡಿಗೆ ಹಾಕಿ ಸ್ವಲ್ಪ ಉಳಿಸಿಕೊಳ್ಳುತ್ತಿದ್ದರು. ಸಂಬಳವನ್ನು ಕೈಯಲ್ಲಿ ಪಡೆಯುವ ಬಡವರಿಗೆ ಆ ದಾರಿ ಇರಲಿಲ್ಲ. ತಿಂಗಳ ಕೊನೆಗೆ ಸಂಬಳದ ಬೆಲೆ ಸುಮಾರು ಮೂರನೇ ಒಂದರಷ್ಟು ಕರಗಿರುತ್ತಿತ್ತು. ಹಣಕಾಸು ಸಚಿವ ಫರ್ನಾಂಡೊ ಹೆನ್ರಿಕ್ ಕಾರ್ಡೊಸೊ ಅವರ ತಂಡ ಇದಕ್ಕೊಂದು ಉಪಾಯ ಹುಡುಕಿತು. 1994ರ ಮಾರ್ಚ್ 1ರಿಂದ ಒಂದು ಲೆಕ್ಕದ ಅಳತೆ ಜಾರಿಗೆ ತಂದರು. ಅದು ನೋಟಲ್ಲ, ನಾಣ್ಯವಲ್ಲ. ಬೆಲೆ, ಸಂಬಳ, ಒಪ್ಪಂದ ಎಲ್ಲವನ್ನೂ ಆ ಅಳತೆಯಲ್ಲಿ ಹೇಳುವುದು. ಕೊಡುವಾಗ ಅವತ್ತಿನ ದರದಲ್ಲಿ ಹಳೆಯ ನೋಟಿನಲ್ಲಿ ಕೊಡುವುದು. ನೋಟಿನ ಬೆಲೆ ದಿನವೂ ಕುಸಿಯುತ್ತಿತ್ತು, ಆದರೆ ಅಳತೆಯಲ್ಲಿ ಹೇಳಿದ ಬೆಲೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ಜನಕ್ಕೆ ಅದು ರೂಢಿಯಾದ ಮೇಲೆ, ಜುಲೈ 1ರಂದು, ಆ ಅಳತೆಯನ್ನೇ ಹೊಸ ಹಣವಾಗಿ ಮಾಡಿದರು. ಅದೇ ರಿಯಾಲ್. 2,750 ಹಳೆಯ ಕ್ರುಜೇರೊ ರಿಯಾಲ್‌ಗೆ ಒಂದು ಹೊಸ ರಿಯಾಲ್. ಬೆಲೆ ಏರಿಕೆ ಕೆಲವೇ ವಾರಗಳಲ್ಲಿ ಇಳಿದುಬಿಟ್ಟಿತು. ಅಷ್ಟರಲ್ಲಿ ಕಾರ್ಡೊಸೊ ಮಂತ್ರಿಗಿರಿ ಬಿಟ್ಟು ಅಧ್ಯಕ್ಷ ಅಭ್ಯರ್ಥಿಯಾಗಿದ್ದರು.

ಪಿಟಿ ಏನು ಹೇಳಿತು? ಇದು ಚುನಾವಣೆಯ ಗಿಮಿಕ್, ಬಾಳುವುದಿಲ್ಲ ಅಂತ. ಅನುಮಾನ ಪಡಲು ಕಾರಣ ಇತ್ತು. ಹಿಂದಿನ ಎಂಟು ವರ್ಷಗಳಲ್ಲಿ ಬಂದ ಯೋಜನೆಗಳೆಲ್ಲ ಒಂದರ ಹಿಂದೆ ಒಂದು ಕುಸಿದಿದ್ದವು. ಆದರೆ ಅಂಗಡಿಗೆ ಹೋದ ಹೆಂಗಸಿಗೆ ಕಳೆದ ವಾರದ ಬೆಲೆಗೇ ಅಕ್ಕಿ ಸಿಕ್ಕಿತ್ತು. ಎಷ್ಟೋ ವರ್ಷಗಳ ನಂತರ ಸಿಕ್ಕ ನೆಮ್ಮದಿ ಅದು. ಆ ನೆಮ್ಮದಿ ಸುಳ್ಳು ಅಂತ ಅವಳಿಗೆ ಹೇಳಲು ಹೋದರು. ಯಾತ್ರೆಯಲ್ಲಿ ಅವಳ ಕಷ್ಟ ಕೇಳಿಸಿಕೊಂಡಿದ್ದ ಪಕ್ಷ, ಅವಳ ಸಮಾಧಾನವನ್ನು ಕೇಳಿಸಿಕೊಳ್ಳಲಿಲ್ಲ. ಕಾರ್ಡೊಸೊ ಶೇ 54 ಮತ ಪಡೆದು ಮೊದಲ ಸುತ್ತಿನಲ್ಲೇ ಗೆದ್ದರು. ಲೂಲಾಗೆ ಸಿಕ್ಕಿದ್ದು ಶೇ 27.

1998ರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾರ್ಡೊಸೊ ಸಂವಿಧಾನ ತಿದ್ದುಪಡಿ ಮಾಡಿಸಿ ಎರಡನೇ ಅವಧಿಗೆ ನಿಂತರು. ಲೂಲಾ ಹಳೆಯ ಪ್ರತಿಸ್ಪರ್ಧಿ ಬ್ರಿಜೋಲಾ ಅವರನ್ನು ಉಪಾಧ್ಯಕ್ಷ ಅಭ್ಯರ್ಥಿ ಮಾಡಿಕೊಂಡರು. ಆಗಲೇ ಎಡಪಂಥದ ಕಡೆ ಇದ್ದ ಮತದಾರರನ್ನೇ ಇನ್ನೊಮ್ಮೆ ಜೊತೆಗೂಡಿಸಿದ ಹಾಗಾಯಿತು, ಹೊಸಬರು ಯಾರೂ ಬರಲಿಲ್ಲ. ಮತ್ತೆ ಮೊದಲ ಸುತ್ತಿನಲ್ಲೇ ಸೋಲು.

ಮೂರು ಸಲ ಸೋತವರಿಗೆ ಪಕ್ಷ ನಾಲ್ಕನೇ ಸಲ ಟಿಕೆಟ್ ಕೊಟ್ಟದ್ದು ಹೇಗೆ? ಅಮೆರಿಕದಲ್ಲಿ ಇದು ಬಹುತೇಕ ಆಗದ ಮಾತು. ಬ್ರೆಜಿಲ್‌ನಲ್ಲಿ ಆಯಿತು, ಅದಕ್ಕೆ ಗಟ್ಟಿ ಕಾರಣ ಇತ್ತು. ಲೂಲಾ ಪ್ರತಿ ಸಲ ಸೋತಾಗಲೂ ಪಕ್ಷ ಬೆಳೆಯುತ್ತಿತ್ತು. 1982ರಲ್ಲಿ ಸಂಸತ್ತಿನ ಕೆಳಮನೆಯಲ್ಲಿ ಪಿಟಿಗೆ 8 ಸ್ಥಾನ. 1990ರಲ್ಲಿ 35. 2002ರಲ್ಲಿ 91. ನಗರಗಳ ಆಡಳಿತವೂ ಕೈಗೆ ಬರುತ್ತಿತ್ತು. ಪೋರ್ತೊ ಅಲೆಗ್ರೆ ನಗರದಲ್ಲಿ 1989ರಿಂದ ಜನರೇ ಬಡಾವಣೆ ಸಭೆಗಳಲ್ಲಿ ಕೂತು ಬಜೆಟ್ ಬಗ್ಗೆ ತೀರ್ಮಾನ ಮಾಡುವ ಪದ್ಧತಿ ಶುರುವಾಗಿ ಜಗತ್ತಿನ ಗಮನ ಸೆಳೆಯಿತು. ರಾಜಧಾನಿ ಬ್ರೆಸಿಲಿಯಾದಲ್ಲಿ 1995ರಲ್ಲಿ ಪಿಟಿಯ ಗವರ್ನರ್ ಕ್ರಿಸ್ತೊವಾಂ ಬುವಾರ್ಕೆ, ಮಕ್ಕಳನ್ನು ಶಾಲೆಗೆ ಕಳಿಸುವ ಬಡ ಕುಟುಂಬಗಳಿಗೆ ತಿಂಗಳ ಹಣ ಕೊಡುವ ಯೋಜನೆ ತಂದರು. 'ಇವರಿಗೆ ಕೂಗಾಡಲು ಮಾತ್ರ ಬರುತ್ತದೆ' ಅನ್ನುವ ಮಾತಿಗೆ ಉತ್ತರ ಹೀಗೆ ಊರೂರಲ್ಲಿ ತಯಾರಾಗುತ್ತಿತ್ತು. ಅಧ್ಯಕ್ಷ ಅಭ್ಯರ್ಥಿ ಒಬ್ಬರೇ ತಯಾರಾದರೆ ಸಾಲದು, ಅವರ ಹಿಂದೆ ಆಡಳಿತ ಗೊತ್ತಿರುವ ಒಂದು ತಲೆಮಾರು ತಯಾರಾಗಬೇಕು. ಸೋಲಿನ ವರ್ಷಗಳ ಬಗ್ಗೆ ಮಾತಾಡುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ, ಅದು ನನಗೆ ತುಂಬ ಬೇಸರ ತರಿಸುತ್ತದೆ.

ನಾಲ್ಕನೇ ಸಲ ನಿಲ್ಲುವಾಗ ಲೂಲಾ ಪಕ್ಷಕ್ಕೆ ಷರತ್ತು ಹಾಕಿದರು. ಸುಮ್ನೆ ಹೆಸರಿಗೆ ನಿಲ್ಲುವುದಿಲ್ಲ, ಗೆಲ್ಲಲು ನಿಲ್ಲುವುದಾದರೆ ಮೈತ್ರಿಯ ವಿಷಯದಲ್ಲಿ ಕೈ ಕಟ್ಟಬಾರದು ಅಂತ. ಉಪಾಧ್ಯಕ್ಷ ಸ್ಥಾನಕ್ಕೆ ಜೋಸೆ ಅಲೆಂಕಾರ್ ಬಂದರು. ಮಿನಾಸ್ ಜೆರೈಸ್ ರಾಜ್ಯದ ಸೆನೆಟರ್, ದೇಶದ ದೊಡ್ಡ ಬಟ್ಟೆ ಗಿರಣಿಗಳ ಒಡೆಯ. ಅವರ ಪಕ್ಷ ಬಲಪಂಥದ ಕಡೆಯದ್ದು. ಕಾರ್ಯಕರ್ತರಲ್ಲಿ ಹಲವರು ಸಿಟ್ಟಾದರು. ಆದರೆ ಅಲೆಂಕಾರ್ ಕೂಡ ಹುಡುಗನಾಗಿದ್ದಾಗ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಉದ್ಯಮಿಗಳು ದೇಶ ಬಿಡುತ್ತಾರೆ ಅಂತ 1989ರಲ್ಲಿ ಹೆದರಿಸಿದ್ದರಲ್ಲ, ಅದಕ್ಕೆ 2002ರಲ್ಲಿ ಒಬ್ಬ ಉದ್ಯಮಿಯೇ ಪಕ್ಕದಲ್ಲಿ ನಿಂತು ಉತ್ತರವಾದರು.

ಪ್ರಚಾರದ ಹೊಣೆ ದೂದಾ ಮೆಂಡೊನ್ಸಾ ಅವರಿಗೆ. ಅವರು ಹಿಂದೆ ಬಲಪಂಥದ ಪೌಲೊ ಮಲೂಫ್ ಅವರಿಗೆ ಕೆಲಸ ಮಾಡಿದ್ದ ಜಾಹೀರಾತು ನಿಪುಣ. ಲೂಲಾ ಗಡ್ಡ ಒಪ್ಪವಾಯಿತು, ಒಳ್ಳೆಯ ಸೂಟು ಬಂತು, ಮುಖದಲ್ಲಿ ಸಿಟ್ಟಿನ ಬದಲು ನಗು ಬಂತು. 'ಶಾಂತಿ ಪ್ರೀತಿಯ ಲೂಲಾ' ಅನ್ನುವ ಹೆಸರು ಹಬ್ಬಿತು.

ಈ ನಡುವೆ ಒಂದು ದುರಂತ ನಡೆಯಿತು. ಸರ್ಕಾರದ ಕಾರ್ಯಕ್ರಮ ಬರೆಯುವ ಹೊಣೆ ಹೊತ್ತಿದ್ದ ಸಾಂತೊ ಆಂದ್ರೆ ನಗರದ ಮೇಯರ್ ಸೆಲ್ಸೊ ದನಿಯೆಲ್ ಅವರನ್ನು 2002ರ ಜನವರಿಯಲ್ಲಿ ಅಪಹರಿಸಿ ಕೊಂದರು. ಆ ಜಾಗಕ್ಕೆ ಇನ್ನೊಬ್ಬ ಮೇಯರ್ ಆಂತೊನಿಯೊ ಪಲೋಸಿ ಬಂದರು. ಮುಂದೆ ಹಣಕಾಸು ಸಚಿವರಾದದ್ದು ಅವರೇ.

2001ರ ಡಿಸೆಂಬರ್‌ನಲ್ಲಿ ರೆಸಿಫೆ ನಗರದಲ್ಲಿ ಸೇರಿದ್ದ ಪಿಟಿ, ಹಳೆಯ ಆರ್ಥಿಕ ನೀತಿಯನ್ನು ಕಡಿದುಹಾಕಬೇಕು ಅಂತ ಗಟ್ಟಿಯಾದ ನಿರ್ಣಯ ಮಾಡಿತ್ತು. ಆರು ತಿಂಗಳಲ್ಲಿ ಪರಿಸ್ಥಿತಿ ತಿರುಗಿತು. ಲೂಲಾ ಮುಂದಿದ್ದಾರೆ ಅಂತ ಸಮೀಕ್ಷೆ ಬಂದಂತೆಲ್ಲ ರಿಯಾಲ್ ಬೆಲೆ ಕುಸಿಯಿತು. ವರ್ಷದ ಮೊದಲಲ್ಲಿ ಡಾಲರಿಗೆ ಎರಡೂಕಾಲು ರಿಯಾಲ್ ಆಸುಪಾಸು ಇದ್ದದ್ದು ಅಕ್ಟೋಬರ್ ಹೊತ್ತಿಗೆ ನಾಲ್ಕರ ಹತ್ತಿರ ಬಂತು. ಪಕ್ಕದ ಅರ್ಜೆಂಟೀನಾ ಆಗಷ್ಟೇ ದಿವಾಳಿ ಎದ್ದಿತ್ತು. ಜೂನ್ 22ರಂದು ಲೂಲಾ 'ಬ್ರೆಜಿಲ್ ಜನತೆಗೆ ಪತ್ರ' ಅಂತ ಒಂದು ಹೇಳಿಕೆ ಹೊರಡಿಸಿದರು. ದೇಶಕ್ಕೆ ಬದಲಾವಣೆ ಬೇಕು, ಆದರೆ ಒಪ್ಪಂದಗಳನ್ನು ಗೌರವಿಸುತ್ತೇವೆ, ಸಾಲದ ಹೊಣೆ ಬಿಡುವುದಿಲ್ಲ, ಬೆಲೆ ಏರಿಕೆಗೆ ಬಿಡುವುದಿಲ್ಲ ಅನ್ನುವುದು ಅದರ ಸಾರ. 1994ರಲ್ಲಿ ಕೇಳಿಸಿಕೊಳ್ಳದೇ ಇದ್ದದ್ದನ್ನು ಎಂಟು ವರ್ಷ ತಡವಾಗಿ ಕೇಳಿಸಿಕೊಂಡ ಗುರುತು ಅದು. ಆಗಸ್ಟ್‌ನಲ್ಲಿ ಐಎಂಎಫ್ 30 ಬಿಲಿಯನ್ ಡಾಲರ್ ಸಾಲಕ್ಕೆ ಒಪ್ಪಿತು. ಅಧ್ಯಕ್ಷ ಕಾರ್ಡೊಸೊ ಮುಖ್ಯ ಅಭ್ಯರ್ಥಿಗಳನ್ನೆಲ್ಲ ಅರಮನೆಗೆ ಕರೆಸಿ ವಿಷಯ ವಿವರಿಸಿದರು. ಲೂಲಾ ಹೋದರು. ಎರಡು ಸಲ ತಮ್ಮನ್ನು ಸೋಲಿಸಿದವರ ಎದುರು ಕೂತು ಕೇಳಿದರು.

ಎದುರಾಳಿ ಜೋಸೆ ಸೆರಾ ಅವರ ಪ್ರಚಾರದಲ್ಲಿ ಪ್ರಸಿದ್ಧ ನಟಿ ರೆಜಿನಾ ದುವಾರ್ತೆ ಕಾಣಿಸಿಕೊಂಡು, ತಮಗೆ ಭಯ ಆಗುತ್ತಿದೆ ಅಂತ ಹೇಳಿದರು. 1989ರಲ್ಲಿ ಕೆಲಸ ಮಾಡಿದ್ದ ಭಯ ಈ ಸಲ ಕೆಲಸ ಮಾಡಲಿಲ್ಲ. ಅಕ್ಟೋಬರ್ 27ರಂದು, ತಮ್ಮ 57ನೇ ಹುಟ್ಟುಹಬ್ಬದ ದಿನ, ಲೂಲಾ ಶೇ 61ರಷ್ಟು ಮತ ಪಡೆದು ಗೆದ್ದರು. 5 ಕೋಟಿ 27 ಲಕ್ಷಕ್ಕೂ ಜಾಸ್ತಿ ಮತ. ಡಿಸೆಂಬರ್‌ನಲ್ಲಿ ಚುನಾವಣಾ ನ್ಯಾಯಾಲಯ ಗೆಲುವಿನ ಪ್ರಮಾಣಪತ್ರ ಕೊಟ್ಟಾಗ ಅವರು ಅತ್ತರು. ಕಾಲೇಜು ಓದಿಲ್ಲ ಅಂತ ಹೀಯಾಳಿಸಿಕೊಂಡ ತಮಗೆ ಸಿಕ್ಕ ಮೊದಲ ಡಿಪ್ಲೊಮಾ ಇದು ಅಂದರು.

ಈಗ ನನ್ನ ಅಭಿಪ್ರಾಯ. 2002ರ ಗೆಲುವನ್ನು ವಿವರಿಸುವವರು ಸಾಮಾನ್ಯವಾಗಿ ಜಾಹೀರಾತು ನಿಪುಣರನ್ನೂ ಆ ಪತ್ರವನ್ನೂ ಮುಂದಿಡುತ್ತಾರೆ. ಪತ್ರ ಬೇಕಾಗಿತ್ತು, ಒಪ್ಪುತ್ತೇನೆ. ಆದರೆ ಅದೇ ಸೂಟು, ಅದೇ ನಗು, ಅದೇ ಪತ್ರವನ್ನು 1989ರ ಲೂಲಾಗೆ ಕೊಟ್ಟಿದ್ದರೆ ಜನ ವೇಷ ಅನ್ನುತ್ತಿದ್ದರು. ನಡುವಿನ ವರ್ಷಗಳಲ್ಲಿ ಬಸ್ಸಿನಲ್ಲಿ ಸುತ್ತಿದ್ದು, ಹಸಿವಿನ ಯೋಜನೆ ಬರೆಸಿದ್ದು, ನಗರಗಳನ್ನು ಆಳಿ ತೋರಿಸಿದ್ದು ಅದರ ಹಿಂದೆ ಇತ್ತು. ಬದಲಾದೆ ಅಂತ ಹೇಳುವವರನ್ನು ಜನ ಸುಲಭವಾಗಿ ನಂಬುವುದಿಲ್ಲ. ಹತ್ತಾರು ವರ್ಷ ಕಣ್ಣ ಮುಂದೆ ಬದಲಾಗುತ್ತಾ ಬಂದವರನ್ನು ನಂಬುತ್ತಾರೆ.

ಈ ತಯಾರಿಗೆ ಬೆಲೆಯೂ ತೆರಬೇಕಾಯಿತು. ಅದನ್ನು ಹೇಳದೆ ಹೋದರೆ ನಾನು ನಿಮಗೆ ಅರ್ಧ ಕಥೆ ಹೇಳಿದ ಹಾಗೆ. ಹಳೆಯ ಪಿಟಿ ಕಾರ್ಯಕರ್ತರ ಕೈಚೀಲದ ಚಂದಾದಲ್ಲಿ ನಡೆಯುತ್ತಿತ್ತು. ದೊಡ್ಡ ಪ್ರಚಾರಕ್ಕೆ, ದೊಡ್ಡ ಮೈತ್ರಿಗೆ ಆ ಹಣ ಸಾಲುವುದಿಲ್ಲ. 2005ರಲ್ಲಿ, ಮಿತ್ರಪಕ್ಷಗಳ ಸಂಸದರಿಗೆ ಹಣ ಕೊಟ್ಟು ಬೆಂಬಲ ಪಡೆದ ದೊಡ್ಡ ಹಗರಣ ಹೊರಬಿತ್ತು. ಪ್ರಚಾರದ ಸಂಭಾವನೆಯ ಒಂದು ಭಾಗ ವಿದೇಶಿ ಖಾತೆಗೆ ಬಂದಿತ್ತು ಅಂತ ದೂದಾ ಮೆಂಡೊನ್ಸಾ ಸಂಸದೀಯ ತನಿಖೆಯಲ್ಲಿ ಹೇಳಿದರು. ಪಕ್ಷದ ಕೆಲವು ಸಂಸದರು ಕಣ್ಣೀರು ಹಾಕಿದ ದಿನ ಅದು. ಲೂಲಾ ಟಿವಿಯಲ್ಲಿ ಬಂದು, ತಮಗೆ ದ್ರೋಹವಾಗಿದೆ, ಪಕ್ಷ ಕ್ಷಮೆ ಕೇಳಬೇಕು ಅಂದರು. ಗೆಲ್ಲಲೇಬೇಕು ಅನ್ನುವ ಹಟದಲ್ಲಿ ಪಕ್ಷ ತಾನು ಯಾಕೆ ಹುಟ್ಟಿತು ಅನ್ನುವುದರ ಒಂದು ಭಾಗವನ್ನೇ ಕಳೆದುಕೊಂಡಿತು. ಆ ನಷ್ಟ ಆಮೇಲೆ ಪೂರ್ತಿ ತುಂಬಲಿಲ್ಲ ಅಂತ ನಾನು ಭಾವಿಸುತ್ತೇನೆ.

ಆದರೂ 2006ರಲ್ಲಿ ಅವರು ಮತ್ತೆ ಗೆದ್ದರು, ಈ ಸಲ ಜೆರಾಲ್ಡೊ ಆಲ್ಕ್‌ಮಿನ್ ವಿರುದ್ಧ. ಮತಗಳು ಬಂದ ಜಾಗ ನೋಡಿದರೆ ಆಶ್ಚರ್ಯ ಆಗುತ್ತದೆ. ದೊಡ್ಡ ನಗರಗಳ ಓದಿದ ಮಧ್ಯಮ ವರ್ಗ ದೂರ ಸರಿದಿತ್ತು. ಈಶಾನ್ಯದ ಬರದ ಊರುಗಳು, ಸಣ್ಣ ಪಟ್ಟಣಗಳು, ತೀರಾ ಬಡವರು ಲೂಲಾ ಹಿಂದೆ ನಿಂತಿದ್ದರು. 1989ರಲ್ಲಿ ಅವರನ್ನು ಕಂಡು ಹೆದರಿದ್ದ ಜನ. ಬಡ ಕುಟುಂಬಗಳಿಗೆ ತಿಂಗಳು ತಿಂಗಳು ಕೊಡುವ ಬೊಲ್ಸಾ ಫಮಿಲಿಯಾ ಯೋಜನೆಯ ಹಣ ಮನೆಯ ಹೆಂಗಸಿನ ಕೈಗೆ ಬರುತ್ತಿತ್ತು, ಕನಿಷ್ಠ ಕೂಲಿ ಏರಿತ್ತು, ಬೆಲೆ ಹಿಡಿತದಲ್ಲಿತ್ತು, ಗಲಾಟೆಯೂ ಆಗಿರಲಿಲ್ಲ. ಅಂದಹಾಗೆ, ಅದೇ ಆಲ್ಕ್‌ಮಿನ್ 2022ರಲ್ಲಿ ಲೂಲಾ ಅವರ ಉಪಾಧ್ಯಕ್ಷ ಅಭ್ಯರ್ಥಿಯಾದರು. 2018-19ರಲ್ಲಿ 580 ದಿನ ಜೈಲಲ್ಲಿ ಇದ್ದು ಬಂದ ಲೂಲಾ, ಮೂರನೇ ಸಲ ಅಧ್ಯಕ್ಷರಾಗಲು ನಿಂತಾಗ ಮತ್ತೆ ಎದುರು ಪಾಳಯದವರನ್ನೇ ಪಕ್ಕಕ್ಕೆ ಕರೆದುಕೊಂಡರು. ಶೇ 50.9 ಮತ. ಆ ಕೈ ಹಿಡಿಯದೇ ಇದ್ದಿದ್ದರೆ ಆ ಚಿಕ್ಕ ಅಂತರವೂ ಉಳಿಯುತ್ತಿರಲಿಲ್ಲ ಅನ್ನಿಸುತ್ತದೆ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಒಬ್ಬ ತಾಯಿ ಒಂದು ಪ್ರಶ್ನೆ ಕೇಳಿದರು. 1989ರಲ್ಲಿ ಸೋತದ್ದೇ ಒಳ್ಳೆಯದಾಯಿತು ಅಂತ ನಿಮ್ಮ ಮಾತಿನ ಅರ್ಥವೇ? ಅದಕ್ಕೆ ಅಲ್ಲಿ ಕೊಟ್ಟ ಉತ್ತರವನ್ನೇ ಇಲ್ಲೂ ಬರೆಯುತ್ತೇನೆ.

ಒಂದು ಕಡೆಯಿಂದ ನೋಡಿದರೆ ಹೌದು. ಆಗ ಬೆಲೆ ಏರಿಕೆ ಹುಚ್ಚಾಪಟ್ಟೆ ಇತ್ತು. ಸಂಸತ್ತಿನಲ್ಲಿ ಪಿಟಿ ಬಲ ಕೈಬೆರಳೆಣಿಕೆ. ಆಡಳಿತ ಗೊತ್ತಿರುವವರು ಕಡಿಮೆ. ಆ ಸರ್ಕಾರ ಒಂದೆರಡು ವರ್ಷ ಕೂಡ ಉಳಿಯುತ್ತಿತ್ತೋ ಇಲ್ಲವೋ. ಆಗ ಗೆಲ್ಲದಿದ್ದದ್ದು ಒಳಿತಾಯಿತು ಅಂತ ಲೂಲಾ ತಾವೇ ಹೇಳಿಕೊಂಡಿದ್ದುಂಟು.

ಆದರೆ ಅಭ್ಯರ್ಥಿ ಹಾಗೆ ಹೇಳುವುದು ಬೇರೆ, ನಾವು ಹಾಗೆ ಹೇಳುವುದು ಬೇರೆ. ಹಸಿವಿನ ವಿರುದ್ಧದ ಯೋಜನೆ 1991ರಲ್ಲೇ ಕಾಗದದ ಮೇಲೆ ಸಿದ್ಧವಾಗಿತ್ತು. 1993ರಲ್ಲಿ ಅದರಿಂದ ಹುಟ್ಟಿದ ಮಂಡಳಿಯನ್ನು ಮುಂದಿನ ಸರ್ಕಾರ 1995ರಲ್ಲಿ ಮುಚ್ಚಿತು. ಪಿಯೌಯಿ ರಾಜ್ಯದ ಗ್ವಾರಿಬಾಸ್ ಅನ್ನುವ ತೀರಾ ಬಡ ಊರಿನಲ್ಲಿ 'ಹಸಿವು ಶೂನ್ಯ' ಯೋಜನೆ ಶುರುವಾದದ್ದು 2003ರಲ್ಲಿ. ವಿಶ್ವಸಂಸ್ಥೆಯ ಹಸಿವಿನ ನಕ್ಷೆಯಿಂದ ಬ್ರೆಜಿಲ್ ಹೊರಬಂದದ್ದು 2014ರಲ್ಲಿ. ಒಬ್ಬ ನಾಯಕ ಪಕ್ವವಾಗಲು ತೆಗೆದುಕೊಂಡ ಆ 13 ವರ್ಷಗಳಲ್ಲಿ ಗ್ವಾರಿಬಾಸ್‌ನಂಥ ಊರುಗಳಲ್ಲಿ ಮಕ್ಕಳು ಹುಟ್ಟಿ, ಅರೆಹೊಟ್ಟೆಯಲ್ಲೇ ಬೆಳೆದರು. ಅವರನ್ನು ನೆನೆದರೆ, ಆಗ ಸೋತದ್ದೇ ಒಳ್ಳೆಯದಾಯಿತು ಅನ್ನಲು ನನಗೆ ಬಾಯಿ ಬರುವುದಿಲ್ಲ.